ಬಳಸಿದ ಎಲೆಕ್ಟ್ರಿಕ್ ಕಾರು: ಶೇ 23ರ ಚಾರ್ಜ್‌ನಲ್ಲಿ ಶಕ್ತಿ ಕುಸಿದರೆ ಕೊಳ್ಳಬಹುದೇ?

ಪ್ರಶ್ನೆ: ಏಳು ವರ್ಷ ಹಳೆಯದಾದ, 82,000 ಕಿ.ಮೀ. ಓಡಿರುವ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಹೊಸದಿದ್ದಾಗ ಅದರಲ್ಲಿ ಬಳಕೆಗೆ ಸಿಗುತ್ತಿದ್ದ ಸಾಮರ್ಥ್ಯ 40 ಕಿಲೋವ್ಯಾಟ್ ಅವರ್. ಬ್ಯಾಟರಿಯ ಆರೋಗ್ಯ ಶೇ 88ರಷ್ಟಿದೆ ಎಂದು ಮಾರುವವರು ಮೊಬೈಲ್ ಆ್ಯಪ್‌ನಲ್ಲಿ ತೋರಿಸಿದರು. ಆದರೆ ಓಡಿಸಿ ನೋಡುವಾಗ, ಚಾರ್ಜ್ ಶೇ 23ಕ್ಕೆ ಇಳಿದಿದ್ದ ಹೊತ್ತಿನಲ್ಲಿ, ಏರುದಾರಿಯಲ್ಲಿ ವೇಗ ಹೆಚ್ಚಿಸಿದ ಕೂಡಲೇ ಎಚ್ಚರಿಕೆಯ ದೀಪ ಹೊತ್ತಿಕೊಂಡು ಶಕ್ತಿ ಕುಸಿಯಿತು. ಚಾರ್ಜ್ ಮಾಡಿದ ಮೇಲೆ ದೀಪ ಆರಿತು. ‘ಅದು 12 ವೋಲ್ಟ್‌ನ ಸಣ್ಣ ಬ್ಯಾಟರಿಯ ತೊಂದರೆ’ ಎಂದು ಅವರು ಹೇಳುತ್ತಾರೆ. ಬೆಲೆ ಆಕರ್ಷಕವಾಗಿದೆ. ಕೊಳ್ಳಬಹುದೇ?

ಉತ್ತರ: ಈಗಿನ ಸ್ಥಿತಿಯಲ್ಲಿ ಮುಂಗಡ ಕೊಡಬೇಡಿ. ಹಾಗೆಂದು ಕಾರನ್ನು ಪೂರ್ತಿ ತಳ್ಳಿಹಾಕಬೇಕಾಗಿಯೂ ಇಲ್ಲ. ಮನುಷ್ಯರಂತೆಯೇ ಬ್ಯಾಟರಿಗೂ ಮುಪ್ಪು ಬೇರೆ, ರೋಗ ಬೇರೆ. ಆ್ಯಪ್ ತೋರಿಸಿದ ಶೇ 88 ಮುಪ್ಪಿನ ಲೆಕ್ಕ. ಶೇ 23ರಲ್ಲಿ ಕಂಡದ್ದು ರೋಗದ ಲಕ್ಷಣವಾಗಿರಬಹುದು. ಮೊದಲನೆಯದನ್ನು ಬೆಲೆಯಲ್ಲಿ ಹೊಂದಿಸಿಕೊಳ್ಳಬಹುದು, ಎರಡನೆಯದನ್ನು ಪತ್ತೆ ಮಾಡದೆ ಬೆಲೆ ಮಾತನಾಡುವುದರಲ್ಲಿ ಅರ್ಥವಿಲ್ಲ.

ಮುಪ್ಪಿನ ವಿಷಯ ಬೇಗ ಮುಗಿಯುತ್ತದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 2022ರ ಮಾರ್ಚ್‌ನಲ್ಲಿ ಅಂಗೀಕಾರವಾದ ಜಾಗತಿಕ ತಾಂತ್ರಿಕ ನಿಯಮವು, ಕಾರಿನ ಬ್ಯಾಟರಿ 5 ವರ್ಷ ಅಥವಾ 1,00,000 ಕಿ.ಮೀ.ವರೆಗೆ ಕನಿಷ್ಠ ಶೇ 80ರಷ್ಟು, 8 ವರ್ಷ ಅಥವಾ 1,60,000 ಕಿ.ಮೀ.ವರೆಗೆ ಕನಿಷ್ಠ ಶೇ 70ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು ಎನ್ನುತ್ತದೆ. ಆ ಅಳತೆಗೋಲಿನಲ್ಲಿ ಏಳು ವರ್ಷದ ಕಾರಿಗೆ ಶೇ 88 ಒಳ್ಳೆಯ ಸಂಖ್ಯೆಯೇ, ಅದು ನಿಜವಾಗಿದ್ದರೆ. ಏಕೆಂದರೆ ಆ್ಯಪ್ ತಾನಾಗಿ ಏನನ್ನೂ ಅಳೆಯುವುದಿಲ್ಲ. ಬ್ಯಾಟರಿ ನಿರ್ವಹಣಾ ವ್ಯವಸ್ಥೆ, ಅಂದರೆ ಬಿಎಂಎಸ್, ತನ್ನ ಅಂದಾಜಿನಿಂದ ಕೊಟ್ಟ ಸಂಖ್ಯೆಯನ್ನು ಓದಿ ಹೇಳುತ್ತದೆ, ಅಷ್ಟೆ. ಆ ಅಂದಾಜು ತಪ್ಪಬಹುದು. ಕೆಲವು ಹಳೆಯ ಮಾದರಿಗಳಲ್ಲಿ ಅದನ್ನು ಅಳಿಸಿ ಹೊಸದರಂತೆ ತೋರಿಸುವುದೂ ಸಾಧ್ಯ. ಹಳೆಯ ನಿಸ್ಸಾನ್ ಲೀಫ್ ಕಾರುಗಳಲ್ಲಿ ಸಾಮರ್ಥ್ಯ ಸೂಚಿಸುವ 12 ಪಟ್ಟಿಗಳನ್ನು ಹೀಗೆ ಕೃತಕವಾಗಿ ತುಂಬಿಸಿ ಮಾರುವ ಚಾಳಿ ಎಷ್ಟು ಪರಿಚಿತವೆಂದರೆ, ಪಟ್ಟಿಗಳು ಪೂರ್ತಿ ಇದ್ದಾಗಲೇ ಅನುಭವಿಗಳು ಹೆಚ್ಚು ಅನುಮಾನಿಸುತ್ತಾರೆ.

ಆದ್ದರಿಂದ ಲೆಕ್ಕವನ್ನು ನೀವೇ ಮಾಡಿ. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಶೇ 95ರಿಂದ ಶೇ 25ರವರೆಗೆ, ನಡುವೆ ಚಾರ್ಜ್ ಮಾಡದೆ ಓಡಿಸಿ. ಉದಾಹರಣೆಗೆ, 170 ಕಿ.ಮೀ. ಓಡಿದಾಗ 100 ಕಿ.ಮೀ.ಗೆ 14 ಕಿಲೋವ್ಯಾಟ್ ಅವರ್ ಖರ್ಚಾಗಿದೆ ಎಂದು ಕಾರು ತೋರಿಸಿದರೆ, ಒಟ್ಟು ಬಳಕೆ 23.8 ಆಯಿತು. ಇದು ಬ್ಯಾಟರಿಯ ಶೇ 70ರ ಭಾಗದಿಂದ ಬಂದದ್ದು. ಹಾಗಾಗಿ ಪೂರ್ಣ ಸಾಮರ್ಥ್ಯ 34, ಅಂದರೆ ಹೊಸದರ ಶೇ 85. ಆ್ಯಪ್ ಹೇಳಿದ್ದಕ್ಕೂ ಇದಕ್ಕೂ ಮೂರು ನಾಲ್ಕು ಅಂಶಗಳ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ, ಹತ್ತು ಹದಿನೈದಿದ್ದರೆ ಆ್ಯಪ್ ಅನ್ನು ಮರೆತುಬಿಡಿ. ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ‘ಇನ್ನೆಷ್ಟು ಕಿ.ಮೀ. ಓಡಬಹುದು’ ಎಂಬ ಸಂಖ್ಯೆ ಮಾತ್ರ ಈ ಕೆಲಸಕ್ಕೆ ಬಾರದು. ಅದು ಇತ್ತೀಚೆಗೆ ಓಡಿಸಿದ ರೀತಿಯನ್ನೇ ಹೆಚ್ಚಾಗಿ ನೆಚ್ಚಿರುತ್ತದೆ, ಮೆಲ್ಲಗೆ ಓಡಿಸಿದವರ ಕಾರಿನಲ್ಲಿ ಸುಮ್ಮನೆ ಉಬ್ಬಿರುತ್ತದೆ. ಚಳಿಯಲ್ಲಿ ಪರೀಕ್ಷಿಸಿದರೆ ಸಾಮರ್ಥ್ಯ ತಾತ್ಕಾಲಿಕವಾಗಿ ಕಡಿಮೆ ಕಾಣುತ್ತದೆ ಎಂಬುದೂ ನೆನಪಿರಲಿ.

ಇನ್ನು ಆ ಎಚ್ಚರಿಕೆಯ ದೀಪ. ನಿಮ್ಮ ನಿರ್ಧಾರ ನಿಂತಿರುವುದು ಇದರ ಮೇಲೆ.

ಸುಮಾರು 350 ವೋಲ್ಟ್‌ನ ಪ್ಯಾಕ್‌ನಲ್ಲಿ, ಅಂದರೆ ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಲ್ಲಿ, ಸಾಮಾನ್ಯವಾಗಿ ನೂರರ ಆಸುಪಾಸು ಸೆಲ್ ಗುಂಪುಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದೇ ವಿದ್ಯುತ್ ಪ್ರವಾಹ ಎಲ್ಲವನ್ನೂ ಹಾದು ಹೋಗುವುದರಿಂದ, ಇಡೀ ಪ್ಯಾಕ್‌ನ ಸಾಮರ್ಥ್ಯವನ್ನು ತೀರ್ಮಾನಿಸುವುದು ಅವುಗಳಲ್ಲಿ ಅತ್ಯಂತ ದುರ್ಬಲವಾದ ಗುಂಪು. ಚಾರ್ಜ್ ಶೇ 60ರಲ್ಲಿದ್ದಾಗ ದುರ್ಬಲ ಗುಂಪು ಉಳಿದವುಗಳ ನಡುವೆ ಮರೆಯಾಗಿಯೇ ಇರುತ್ತದೆ. ಎಲ್ಲವೂ ಬರಿದಾಗುತ್ತಾ ಬಂದು, ಮೋಟಾರು ಒಮ್ಮೆಲೇ ಹೆಚ್ಚು ಶಕ್ತಿ ಕೇಳಿದಾಗ, ಅದರ ವೋಲ್ಟೇಜ್ ಮಾತ್ರ ಥಟ್ಟನೆ ಕುಸಿಯುತ್ತದೆ ಮತ್ತು ಅದನ್ನು ಕಾಪಾಡಲು ಬಿಎಂಎಸ್ ಕಾರಿನ ಶಕ್ತಿಯನ್ನೇ ಕಡಿತಗೊಳಿಸುತ್ತದೆ. ನೀವು ವಿವರಿಸಿದ ಸಂದರ್ಭ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಕಡಿಮೆ ಚಾರ್ಜ್, ಏರುದಾರಿ, ಜೋರಾದ ವೇಗವರ್ಧನೆ.

ಮಾರುವವರು ಹೇಳುವ 12 ವೋಲ್ಟ್‌ನ ಬ್ಯಾಟರಿ ಕೆಟ್ಟಾಗಲೂ ಹತ್ತಾರು ದೀಪಗಳು ಹೊತ್ತಿಕೊಳ್ಳುವುದು ನಿಜ. ಆದರೆ ಆ ತೊಂದರೆ ಸಾಮಾನ್ಯವಾಗಿ ಕಾರು ಕೆಲವು ದಿನ ನಿಂತು ಮತ್ತೆ ಚಾಲೂ ಮಾಡುವಾಗ ತಲೆದೋರುತ್ತದೆ. ಓಡುತ್ತಿರುವಾಗ ಸಣ್ಣ ಬ್ಯಾಟರಿಗೆ ದೊಡ್ಡ ಬ್ಯಾಟರಿಯಿಂದಲೇ ಕನ್ವರ್ಟರ್ ಮೂಲಕ ವಿದ್ಯುತ್ ಸಿಗುತ್ತಿರುತ್ತದೆ, ಹಾಗಾಗಿ ಏರಿನ ನಡುವೆ ಶಕ್ತಿ ಕುಸಿಯಲು ಅದೊಂದೇ ಕಾರಣವೆಂದು ನಂಬುವುದು ಕಷ್ಟ. ವಾದ ಮಾಡುವ ಬದಲು ‘ಹಾಗಾದರೆ ಅದನ್ನು ಬದಲಿಸಿ ಕೊಡಿ, ಶೇ 20ರಲ್ಲಿ ಅದೇ ಏರನ್ನು ಇನ್ನೊಮ್ಮೆ ಹತ್ತಿಸುತ್ತೇನೆ’ ಎಂದು ಹೇಳಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಒಪ್ಪಿದರೆ, ಓಬಿಡಿ ಪೋರ್ಟ್‌ಗೆ (ಕಾರಿನ ದೋಷ ತಪಾಸಣೆಗೆಂದೇ ಇರುವ ಕಿಂಡಿ) ಸಾಧನ ಜೋಡಿಸಿ ಪ್ರತಿ ಸೆಲ್ ಗುಂಪಿನ ವೋಲ್ಟೇಜ್ ನೋಡಬಲ್ಲ ತಂತ್ರಜ್ಞರನ್ನು ಕರೆದೊಯ್ಯಿರಿ. ಕಾರು ನಿಂತಿದ್ದಾಗ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜ್‌ಗಳ ಅಂತರ ಹತ್ತಿಪ್ಪತ್ತು ಮಿಲಿವೋಲ್ಟ್ ಇದ್ದರೆ ಒಳ್ಳೆಯದು. ಕಡಿಮೆ ಚಾರ್ಜ್‌ನಲ್ಲಿ ಏರು ಹತ್ತುವಾಗ ಅಂತರ ನೂರು ಮಿಲಿವೋಲ್ಟ್ ದಾಟಿ, ಪ್ರತಿ ಸಲವೂ ಅದೇ ಕ್ರಮಸಂಖ್ಯೆಯ ಗುಂಪೇ ಕೆಳಗಿದ್ದರೆ ಆ ಗುಂಪಿನ ಮೇಲೆ ಗಟ್ಟಿಯಾದ ಅನುಮಾನ ಪಡಬೇಕು. ಆದರೆ ಇಲ್ಲಿ ಒಂದು ವಿನಾಯಿತಿ ಇದೆ, ಅದನ್ನು ಮರೆತು ಒಳ್ಳೆಯ ಕಾರು ಕೈಬಿಟ್ಟವರೂ ಇದ್ದಾರೆ. ಹಲವು ಕಾರುಗಳು ಸೆಲ್‌ಗಳನ್ನು ಸರಿದೂಗಿಸುವ ಕೆಲಸವನ್ನು ಚಾರ್ಜ್ ಪೂರ್ತಿಯಾಗುವ ಹಂತದಲ್ಲಿ ಮಾಡುತ್ತವೆ. ಹಿಂದಿನ ಮಾಲೀಕರು ಬ್ಯಾಟರಿಯ ಆಯುಷ್ಯದ ಮೇಲಿನ ಕಾಳಜಿಯಿಂದ ವರ್ಷಗಟ್ಟಲೆ ಶೇ 80ಕ್ಕೇ ನಿಲ್ಲಿಸುತ್ತಿದ್ದರೆ, ಸೆಲ್‌ಗಳು ಆರೋಗ್ಯವಾಗಿದ್ದೂ ಅವುಗಳ ಮಟ್ಟ ಏರುಪೇರಾಗಿರಬಹುದು. ನಿಧಾನವಾದ ಚಾರ್ಜರ್‌ನಲ್ಲಿ ಎರಡು ಮೂರು ಬಾರಿ ಶೇ 100ರವರೆಗೆ ಚಾರ್ಜ್ ಮಾಡಿ, ಪ್ರತಿ ಬಾರಿಯೂ ಕೆಲವು ಗಂಟೆ ಚಾರ್ಜರ್‌ಗೆ ಜೋಡಿಸಿಯೇ ಬಿಟ್ಟರೆ ಅಂತರ ತಗ್ಗಬೇಕು. ತಗ್ಗಿ, ಶೇ 20ರಲ್ಲೂ ಕಾರು ಸಲೀಸಾಗಿ ಏರು ಹತ್ತಿದರೆ ಕೊಳ್ಳಲು ಅಡ್ಡಿಯಿಲ್ಲ. ತಗ್ಗಿದ ಅಂತರವು ಕಾರು ಕೆಲವು ದಿನ ಸುಮ್ಮನೆ ನಿಂತ ಮೇಲೆ ಮತ್ತೆ ಬೆಳೆದಿದ್ದರೆ, ಯಾವುದೋ ಸೆಲ್‌ನ ಚಾರ್ಜ್ ಒಳಗೊಳಗೇ ಸೋರುತ್ತಿದೆ ಎಂದರ್ಥ. ಅಂಥ ಕಾರನ್ನು ಎಷ್ಟೇ ಅಗ್ಗವಾದರೂ ನಾನು ಶಿಫಾರಸು ಮಾಡಲಾರೆ.

ನಿಮ್ಮ ಪರವಾಗಿರುವ ಸಂಗತಿಯೂ ಒಂದಿದೆ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುವುದು ಬಹುತೇಕ ತಯಾರಕರ ರೂಢಿ, ನೀವು ನೋಡಿರುವ ಕಾರಿಗೆ ಇನ್ನೂ ಸುಮಾರು ಒಂದು ವರ್ಷ ಉಳಿದಿರಬಹುದು. ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಮಾತ್ರ ವಾರಂಟಿ ಅನ್ವಯಿಸುತ್ತದೆ ಎಂಬ ಅರ್ಧ ಸತ್ಯ ಚಲಾವಣೆಯಲ್ಲಿದೆ. ಆ ಷರತ್ತು ಸವಕಳಿಗೆ ಸಂಬಂಧಿಸಿದ್ದು. ಸೆಲ್ ದೋಷಪೂರಿತವಾಗಿದ್ದರೆ ಒಟ್ಟು ಆರೋಗ್ಯ ಶೇ 88 ಇದ್ದರೂ ದುರಸ್ತಿ ಕೇಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಹಾಗಾಗಿ ಹಣ ಕೊಡುವ ಮೊದಲೇ, ಈಗಿನ ಮಾಲೀಕರ ಹೆಸರಿನಲ್ಲೇ, ತಯಾರಕರ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ದೂರು ದಾಖಲಿಸಿ ಲಿಖಿತ ವರದಿ ಪಡೆಯಿರಿ. ವಾರಂಟಿ ಎರಡನೆಯ ಮಾಲೀಕರಿಗೆ ವರ್ಗಾವಣೆಯಾಗುತ್ತದೆಯೇ, ಅಪಘಾತ ಅಥವಾ ನೆರೆಯ ಕಾರಣಕ್ಕೆ ಅದು ರದ್ದಾಗಿದೆಯೇ ಎಂಬುದನ್ನೂ ಅಲ್ಲಿಯೇ ಕೇಳಿ. ಕಾರನ್ನು ಎತ್ತಿಸಿ, ಬ್ಯಾಟರಿಯ ತಳದ ಕವಚ ಜಜ್ಜಿದೆಯೇ ಎಂದು ನೋಡುವುದೂ ಆಗ ಸುಲಭ. ಹಿಂದೆ ಮಾಡ್ಯೂಲ್ (ಹಲವು ಸೆಲ್‌ಗಳ ಕಟ್ಟು) ಬದಲಿಸಿದ್ದರೆ ಯಾರು ಬದಲಿಸಿದರು ಎಂದು ವಿಚಾರಿಸಿ. ಹಳೆಯವುಗಳ ನಡುವೆ ಹೊಂದದ ಹೊಸ ಮಾಡ್ಯೂಲ್ ಸೇರಿಸಿದರೆ ಏರುಪೇರು ಮತ್ತೆ ಶುರುವಾಗುತ್ತದೆ.

ಚಾಸಿ ಸಂಖ್ಯೆ ಕೊಟ್ಟು, ತಯಾರಕರು ಆ ಮಾದರಿಯನ್ನು ದುರಸ್ತಿಗಾಗಿ ಹಿಂದಕ್ಕೆ ಕರೆದಿದ್ದರೇ ಎಂದು ತಿಳಿದುಕೊಳ್ಳಿ. ಷೆವ್ರೊಲೆ ಬೋಲ್ಟ್ ಕಾರುಗಳ ಸೆಲ್‌ಗಳಲ್ಲಿ ತಯಾರಿಕೆಯ ದೋಷದಿಂದ ಬೆಂಕಿಯ ಅಪಾಯವಿದೆ ಎಂದು ಗೊತ್ತಾಗಿ, 2021ರಲ್ಲಿ, ಅದುವರೆಗೆ ತಯಾರಾಗಿದ್ದ ಆ ಮಾದರಿಯ ಎಲ್ಲ ಕಾರುಗಳನ್ನೂ ಹಿಂದಕ್ಕೆ ಕರೆಯಲಾಯಿತು. ಬ್ಯಾಟರಿ ಬದಲಾಗಿರುವ ಬೋಲ್ಟ್ ಸಿಕ್ಕರೆ ಅದು ಕಾರಿಗಿಂತ ಹೊಸದಾದ ಬ್ಯಾಟರಿಯುಳ್ಳ ಲಾಭದ ಖರೀದಿ, ಹಾಗೆ ಹಿಂದಕ್ಕೆ ಕರೆದ ಕಾರು ದುರಸ್ತಿಯೇ ಆಗದೇ ಉಳಿದಿದ್ದರೆ ಅಪಾಯ.

ಪ್ರಶ್ನೆ: ನಾಲ್ಕು ವರ್ಷದಲ್ಲಿ 9,000 ಕಿ.ಮೀ. ಮಾತ್ರ ಓಡಿದ ಕಾರು, ಅದೇ ವಯಸ್ಸಿನ 70,000 ಕಿ.ಮೀ. ಓಡಿದ ಕಾರಿಗಿಂತ ಒಳ್ಳೆಯದಲ್ಲವೇ?

ಉತ್ತರ: ಬ್ಯಾಟರಿಯ ಮಟ್ಟಿಗೆ ಹಾಗೆಂದು ಹೇಳಲಾಗದು. ಲಿಥಿಯಂ ಅಯಾನ್ ಸೆಲ್ ಬಳಕೆಯಿಂದ ಸವೆಯುವಂತೆ, ಸುಮ್ಮನೆ ಕುಳಿತೂ ಸವೆಯುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಬ್ಯಾಟರಿ, ದಿನವೂ ಮಿತವಾಗಿ ಓಡಿದ ಕಾರಿನದಕ್ಕಿಂತ ಹೆಚ್ಚು ಹಣ್ಣಾಗಿರಬಹುದು. ಕಡಿಮೆ ಓಡಿದ ಕಾರನ್ನು ಎಲ್ಲಿ, ಎಷ್ಟು ಚಾರ್ಜ್‌ನಲ್ಲಿ ನಿಲ್ಲಿಸುತ್ತಿದ್ದರು ಎಂದು ಕೇಳಿ. ಹೆಚ್ಚು ಓಡಿದ ಕಾರಿಗೆ ವೇಗದ ಡಿಸಿ ಚಾರ್ಜಿಂಗ್ ಎಷ್ಟು ಬಾರಿ ಆಗಿದೆ ಎಂದು ವಿಚಾರಿಸಿ. ಆಮೇಲೆ ಮೊದಲ ಉತ್ತರದಲ್ಲಿ ಹೇಳಿದ ಸಾಮರ್ಥ್ಯದ ಲೆಕ್ಕವನ್ನು ಎರಡರಲ್ಲೂ ಒಂದೇ ದಾರಿಯಲ್ಲಿ, ಒಂದೇ ಹವೆಯಲ್ಲಿ ಮಾಡಿ ಹೋಲಿಸಿ.