ಯಾವ ಊರಪ್ಪ ನಿಂದು, ಸಾಲ್ಮನ್?

ಹೋದ ಸಂಚಿಕೆಯಲ್ಲಿ ಸಾಲ್ಮನ್ ಮೀನಿನ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಈ ಸಲದ ಅಂಚೆಯಲ್ಲಿ ಅದರದ್ದೇ ಕಾರುಬಾರು. ಮಧುಮೇಹ, ಸೌರ ಒಲೆಗಳ ಪ್ರಶ್ನೆಗಳು ಮುಂದಿನ ಸಲಕ್ಕಿರಲಿ. ಮೊದಲು ಮೀನನ್ನು ಮುಗಿಸೋಣ.

ಸಮುದ್ರದಲ್ಲಿ ಹಿಡಿದ ಸಾಲ್ಮನ್ ಯಾವ ನದಿಯಲ್ಲಿ ಹುಟ್ಟಿದ್ದು ಅಂತ ಡಿಎನ್‌ಎ ನೋಡಿ ಹೇಳಬಹುದು ಎಂದು ಬರೆದಿದ್ದೀರಿ. ಡಿಎನ್‌ಎ ಒಳಗೆ ನದಿಯ ಹೆಸರೇನು ಬರೆದಿರುತ್ತದೆಯೇ ಮೇಡಂ?
– ಬಿ.ಎಸ್ಸಿ. ವಿದ್ಯಾರ್ಥಿ, ರಾಜಾಜಿನಗರ

ಬರೆದಿದ್ದರೆ ಎಷ್ಟೋ ಜನರ ಬೆನ್ನುನೋವು ತಪ್ಪುತ್ತಿತ್ತು!

ಸಾಲ್ಮನ್ ಹುಟ್ಟುವುದು ನದಿಯ ತಳದ ಜಲ್ಲಿಕಲ್ಲುಗಳ ಸಂದಿಯಲ್ಲಿ, ದಪ್ಪಗಾಗುವುದು ಸಮುದ್ರದಲ್ಲಿ. ಕೆಲವು ವರ್ಷ ಅಲ್ಲಿ ತಿಂದುಂಡು, ಮೊಟ್ಟೆ ಇಡುವ ಹೊತ್ತಿಗೆ ಹುಟ್ಟಿದ ನದಿಗೇ ವಾಪಸ್ ಬರುತ್ತದೆ. ಹೀಗಾಗಿ ಬಹುಮಟ್ಟಿಗೆ ಆ ನದಿಯ ಗಂಡಿಗೆ ಆ ನದಿಯ ಹೆಣ್ಣೇ ಜೋಡಿ. ಸಾವಿರಾರು ವರ್ಷ ಸಂಬಂಧವೆಲ್ಲ ಊರೊಳಗೇ ನಡೆದರೆ ಡಿಎನ್‌ಎಯಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಸೇರಿಕೊಳ್ಳುತ್ತವೆ. ಗಮನಿಸಿ, ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಒಂದು ಗುರುತು ಈ ನದಿಯ ನೂರು ಮೀನಿನಲ್ಲಿ ಅರವತ್ತಕ್ಕಿದ್ದರೆ, ಪಕ್ಕದ ನದಿಯಲ್ಲಿ ಇಪ್ಪತ್ತಕ್ಕಿರಬಹುದು.

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದವರ ಮಾತು ಕೇಳಿ ಅವರ ಊರು ಊಹಿಸುತ್ತೇವಲ್ಲ, ಲೆಕ್ಕ ಅದೇ. ‘ಎಂತ’ ಅಂದರೆ ಮಲೆನಾಡೋ ಕರಾವಳಿಯೋ ಅಂತಷ್ಟೇ ಗೊತ್ತಾಗುತ್ತದೆ. ಹಿಂದೆಯೇ ‘ಹ್ವಾಯ್’ ಬಂತೋ, ಕುಂದಾಪುರದ ಕಡೆ ವಾಲುತ್ತೀರಿ. ಒಂದು ಮಾತಿನಿಂದ ತೀರ್ಮಾನ ಮಾಡಕ್ಕಾಗಲ್ಲ. ಹತ್ತು ಮಾತು ಸೇರಿದರೆ ತಪ್ಪುವುದು ಕಷ್ಟ.

ಇಂಥ ಗುರುತುಗಳಿಗೆ ಲ್ಯಾಬಿನಲ್ಲಿ ಮಾರ್ಕರ್ ಅನ್ನುತ್ತಾರೆ. 1970-80ರ ದಶಕಗಳಲ್ಲಿ ಪ್ರೋಟೀನ್‌ಗಳನ್ನು ನೋಡುತ್ತಿದ್ದರು. ಅದಕ್ಕೆ ಮೀನಿನ ಲಿವರ್, ಹೃದಯ, ಮಾಂಸ ಬೇಕಿತ್ತು, ಅದೂ ಕೆಡದಂತೆ ಫ್ರೀಜ್ ಮಾಡಿದ್ದು. ಅಂದರೆ ಮೀನು ಸತ್ತೇ ಸಾಕ್ಷಿ ಹೇಳಬೇಕಿತ್ತು. ಚೂರೇ ಚೂರು ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನ ಬಂದ ಮೇಲೆ ಈಜುರೆಕ್ಕೆಯ ಅಂಚಿನಿಂದ ಒಂದು ಚೂರು ಕತ್ತರಿಸಿಕೊಂಡು ಮೀನನ್ನು ನೀರಿಗೆ ಬಿಟ್ಟರಾಯಿತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಪಿಸಿಆರ್ ಹೆಸರು ಬಾಯಿಪಾಠ. ಸುಮಾರು 95 ಡಿಗ್ರಿ ಕಾವಿನಲ್ಲಿ ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ, 72ರಲ್ಲಿ ಒಂದೊಂದಕ್ಕೂ ನಕಲು ತಯಾರಾಗುತ್ತದೆ. ಪ್ರತಿ ಸುತ್ತಿಗೂ ಎರಡರಷ್ಟು. 30 ಸುತ್ತು ಮುಗಿಯುವಾಗ ಒಂದು ತುಂಡು, ಲೆಕ್ಕದ ಪ್ರಕಾರ, ನೂರು ಕೋಟಿ ದಾಟಿರುತ್ತದೆ.

ಡಿಎನ್‌ಎಯನ್ನು ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಬರಹ ಅಂದುಕೊಳ್ಳಿ. ಅದರಲ್ಲಿ ಕೆಲವು ಕಡೆ ‘ಸಿಎ ಸಿಎ ಸಿಎ’ ಅಂತ ಅವೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಒಂದು ಮೀನಿನಲ್ಲಿ 20 ಸಲ ಬಂದರೆ ಇನ್ನೊಂದರಲ್ಲಿ 27 ಸಲ. ಇದೇ ಮೈಕ್ರೋಸ್ಯಾಟಲೈಟ್. ಇದರ ತಲೆನೋವು ಏನಪ್ಪಾ ಅಂದರೆ, ಅದೇ ತುಂಡನ್ನು ಒಂದು ಲ್ಯಾಬಿನ ಮೆಷಿನ್ 148 ಅಕ್ಷರ ಉದ್ದ ಅಂದರೆ ಇನ್ನೊಂದು ಲ್ಯಾಬಿನದ್ದು 150 ಅನ್ನಬಹುದು. ಮೀನಿಗೆ ಗಡಿ ಗೊತ್ತಿಲ್ಲ, ಲ್ಯಾಬುಗಳಿಗೆ ಗೊತ್ತು ನೋಡಿ. ಕೊನೆಗೆ ಅಮೆರಿಕ ಮತ್ತು ಕೆನಡಾದ ಲ್ಯಾಬುಗಳು ಒಟ್ಟಿಗೆ ಕೂತು ಚಿನೂಕ್ ಎಂಬ ಜಾತಿಯ ಸಾಲ್ಮನ್‌ಗೆ 13 ಮಾರ್ಕರ್ ಗೊತ್ತುಮಾಡಿ, ಎಲ್ಲರ ಅಳತೆಯನ್ನೂ ಹೊಂದಿಸಿ, 2007ರಲ್ಲಿ ಪ್ರಕಟಿಸಿದವು. ಈಗ ಜಾಸ್ತಿ ಓಡುವುದು ‘ಸ್ನಿಪ್’, ಅಂದರೆ ಒಂದೇ ಅಕ್ಷರದ ವ್ಯತ್ಯಾಸ. ಎ ಇದೆಯೋ ಜಿ ಇದೆಯೋ ಅಷ್ಟೇ. ಯಾವ ಲ್ಯಾಬಿನಲ್ಲಿ ಓದಿದರೂ ಜಗಳವಿಲ್ಲ.

ಇಷ್ಟಾದರೂ ಮೆಷಿನ್ ತಾನಾಗಿ ನದಿಯ ಹೆಸರು ಹೇಳುವುದಿಲ್ಲ. ಸಮುದ್ರದ ಮೀನನ್ನು ಹೋಲಿಸಿ ನೋಡಲು ಒಂದೊಂದು ನದಿಯ ಮಾದರಿಯೂ ಮೊದಲೇ ಕಪಾಟಿನಲ್ಲಿರಬೇಕು. ಇದಕ್ಕೆ ಬೇಸ್‌ಲೈನ್ ಅನ್ನುತ್ತಾರೆ. ಕರಡಿ ಓಡಾಡುವ ಹಳ್ಳಗಳಿಗೆ ಇಳಿದು, ಮೊಟ್ಟೆ ಇಡಲು ಬಂದ ಮೀನುಗಳ ರೆಕ್ಕೆ ಚೂರು ತಂದವರಿದ್ದಾರೆ. ಟಿವಿಯವರು ಬಿಳಿ ಕೋಟು ತೋರಿಸುತ್ತಾರೆ. ನನ್ನನ್ನು ಕೇಳಿದರೆ ಕ್ಯಾಮೆರಾ ಆ ಹಳ್ಳದಲ್ಲಿ ನಿಂತವರ ಕಡೆ ತಿರುಗಬೇಕು. ಕಪಾಟಿನಲ್ಲಿ ಇಲ್ಲದ ನದಿಯ ಮೀನು ಸಿಕ್ಕರೆ ಕಂಪ್ಯೂಟರ್ ಸುಮ್ಮನಿರುವುದಿಲ್ಲ, ಹತ್ತಿರದ ಯಾವುದೋ ನದಿಗೆ ಅದನ್ನು ತಗುಲಿಹಾಕುತ್ತದೆ!

ನಾನಿದ್ದ ಲ್ಯಾಬಿನಲ್ಲಿ ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು ಚೀಟಿ ಬರೆಯುವುದನ್ನು. ರೆಕ್ಕೆ ಚೂರು ಎಥನಾಲ್ ತುಂಬಿದ ಪುಟ್ಟ ಟ್ಯೂಬಿನಲ್ಲಿರುತ್ತದೆ. ಬಾಲ್‌ಪೆನ್ನಿನಲ್ಲಿ ಬರೆದ ಚೀಟಿಯನ್ನು ಅದರೊಳಗೆ ಹಾಕಿದರೆ ಶಾಯಿ ಕರಗಿ ನೀಲಿ ನೀರಾಗುತ್ತದೆ. ಪೆನ್ಸಿಲ್ಲಿನದ್ದು ಹಾಗೇ ಉಳಿಯುತ್ತದೆ. ನೀವು ಮುಂದೆ ಈ ಕಡೆ ಬರುವುದಾದರೆ ಎಚ್‌ಬಿ ಪೆನ್ಸಿಲ್ ಒಂದು ಜೇಬಿನಲ್ಲಿರಲಿ.

ಮೀನು ಹೇಗೂ ತನ್ನ ನದಿಗೆ ತಾನೇ ಬರುತ್ತದಲ್ಲ. ಬಂದ ಮೇಲೆ ಎಣಿಸಿದರೆ ಸಾಲದೇ? ಇಷ್ಟು ಖರ್ಚು ಯಾಕೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಬಸವನಗುಡಿ

ಲೆಕ್ಕದವರು ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀರಿ ಸಾರ್. ನದಿಗೆ ಬರುವ ಮೊದಲೇ ಬಲೆ ಬೀಳುತ್ತದೆ, ತೊಂದರೆ ಅಲ್ಲಿದೆ.

ಅಮೆರಿಕದ ಅಲಾಸ್ಕಾದಲ್ಲಿರುವ ಬ್ರಿಸ್ಟಲ್ ಕೊಲ್ಲಿಯನ್ನೇ ತೆಗೆದುಕೊಳ್ಳಿ. 2022ರಲ್ಲಿ ಅಲ್ಲಿಗೆ ಬಂದ ಸಾಕೈ ಸಾಲ್ಮನ್ ಸುಮಾರು 7.9 ಕೋಟಿ, ಅದೊಂದು ದಾಖಲೆ. ಕ್ವಿಚಾಕ್, ನಾಕ್‌ನೆಕ್, ಎಗೆಗಿಕ್, ವುಡ್, ನುಶಗಾಕ್ ಹೀಗೆ ಹಲವು ನದಿಗಳ ಮೀನು ಒಂದೇ ಹಿಂಡಾಗಿ ಬರುತ್ತವೆ. ಕಣ್ಣಿಗೆ ಎಲ್ಲವೂ ಒಂದೇ. ಒಂದು ನದಿಯಲ್ಲಿ ಆ ವರ್ಷ ಮೀನು ತುಂಬಿ ತುಳುಕುತ್ತಿರಬಹುದು, ಇನ್ನೊಂದರಲ್ಲಿ ಮೊಟ್ಟೆ ಇಡುವಷ್ಟೂ ಇಲ್ಲದಿರಬಹುದು. ಕಣ್ಣುಮುಚ್ಚಿ ಬಲೆ ಬೀಸಿದರೆ ಎರಡನೆಯದರ ಕಥೆ ಮುಗಿದಂತೆ.

ಅದಕ್ಕೇ ಕೊಲ್ಲಿಗೆ ಇನ್ನೂ ದೂರವಿರುವಾಗಲೇ, ಪೋರ್ಟ್ ಮೋಲರ್ ಎಂಬ ಕಡೆ, ಒಂದಿಷ್ಟು ಮೀನು ಹಿಡಿದು ಚೂರುಗಳನ್ನು ವಿಮಾನದಲ್ಲಿ ಆಂಕರೇಜ್‌ನ ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿಂದ ಕೊಲ್ಲಿ ತಲುಪಲು ಮೀನಿಗೆ ಸುಮಾರು ಒಂದು ವಾರ ಬೇಕು. ಲ್ಯಾಬಿನ ಉತ್ತರ ಅದಕ್ಕಿಂತ ಮೊದಲೇ ಬಂದಿರುತ್ತದೆ. ಯಾವ ನದಿಯ ಪಾಲು ಎಷ್ಟು ಅಂತ ಮೊದಲೇ ಅಂದಾಜು ಸಿಕ್ಕರೆ, ಎಲ್ಲಿ ಹಿಡಿಯಲು ಬಿಡಬೇಕು, ಎಲ್ಲಿ ತಡೆಯಬೇಕು ಅಂತ ಯೋಚಿಸಲು ಕಾಲಾವಕಾಶ ಇರುತ್ತದೆ.

ಅಂದ ಹಾಗೆ, ಮೀನು ದಾರಿ ಹಿಡಿಯುವುದು ಬಹುಪಾಲು ವಾಸನೆಯಿಂದ. ಮರಿಯಾಗಿದ್ದಾಗ ಮೂಗಿಗೆ ಹತ್ತಿದ ನೀರಿನ ವಾಸನೆ ಮರೆಯುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆರ್ಥರ್ ಹ್ಯಾಸ್ಲರ್ ಮತ್ತು ಸಂಗಡಿಗರು ಮರಿಗಳಿಗೆ ಮಾರ್ಫೊಲಿನ್ ಎಂಬ ರಾಸಾಯನಿಕದ ವಾಸನೆ ಅಭ್ಯಾಸ ಮಾಡಿಸಿದರು. ಆಮೇಲೆ ಯಾವುದೋ ಹೊಳೆಗೆ ಅದನ್ನೇ ತೊಟ್ಟಿಕ್ಕಿಸಿದರೆ ದೊಡ್ಡವಾದ ಮೀನುಗಳು ಅತ್ತಲೇ ಹೊರಟವು.

ಈ ಪರೀಕ್ಷೆ ಕೈಕೊಡುವುದೇ ಇಲ್ಲವೇ?
– ವಕೀಲರು, ಹೆಬ್ಬಾಳ

ಕೈಕೊಡುತ್ತದೆ. ಕೆಲವು ಮೀನು ದಾರಿ ತಪ್ಪಿ ಪಕ್ಕದ ನದಿಯಲ್ಲಿ ಸಂಸಾರ ಹೂಡುತ್ತವೆ. ಅಂಥ ಕಡೆ ನದಿ ನದಿಯ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಪಶ್ಚಿಮ ಅಲಾಸ್ಕಾದ ಚಮ್ ಸಾಲ್ಮನ್ ಇದಕ್ಕೆ ಸರಿಯಾದ ಉದಾಹರಣೆ. ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಎಂಬ ಮೀನಿಗೆ ಹೋದ ಟ್ರಾಲರ್‌ಗಳ ಬಲೆಗೆ ಚಮ್ ಕೂಡ ಬೀಳುತ್ತದೆ. ಹಾಗೆ ಬಿದ್ದವುಗಳಲ್ಲಿ ಬಹಳಷ್ಟು ಏಷ್ಯಾದ ಕಡೆಯವು ಅಂತ ಡಿಎನ್‌ಎ ಹೇಳುತ್ತದೆ. ಅಲಾಸ್ಕಾದವು ಯಾವುವು ಅಂತಲೂ ಹೇಳುತ್ತದೆ. ಆದರೆ ಯೂಕಾನ್ ನದಿಯ ಕೆಳಭಾಗದ್ದೋ, ಕುಸ್ಕೊಕ್ವಿಮ್‌ನದ್ದೋ ಅಂತ ಬಿಡಿಸಿ ಕೇಳಿದರೆ ಎಲ್ಲವನ್ನೂ ‘ಪಶ್ಚಿಮ ಅಲಾಸ್ಕಾ ಕರಾವಳಿ’ ಅಂತ ಒಂದೇ ಗುಂಪಿಗೆ ಸೇರಿಸುತ್ತದೆ. ಮೀನಿಲ್ಲದೆ ಕೂತ ಆ ನದಿಗಳ ದಂಡೆಯ ಊರಿನವರಿಗೆ ಈ ಉತ್ತರ ಸಾಲದು, ನ್ಯಾಯವೇ. ನೀವು ವಕೀಲರು, ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಸೂಪರ್ ಮಾರ್ಕೆಟ್ಟಿನಲ್ಲಿ ಕೆಂಬಣ್ಣದ ಸಾಲ್ಮನ್ ತಂದೆ. ಅದು ಯಾವ ನದಿಯದು? ರಸೆಲ್ ಮಾರ್ಕೆಟ್ಟಿನಲ್ಲಿ ‘ಇಂಡಿಯನ್ ಸಾಲ್ಮನ್’ ಅಂತ ಅಗ್ಗಕ್ಕೆ ಕೊಡುತ್ತಾರೆ, ಅದು?
– ಗೃಹಿಣಿ, ಫ್ರೇಜರ್ ಟೌನ್

ಪ್ಯಾಕೆಟ್ಟಿನ ಮೇಲೆ ನಾರ್ವೆ ಅಂತಿದ್ದರೆ ಅದು ಹೆಚ್ಚುಕಡಿಮೆ ಖಂಡಿತ ಸಾಕಿದ ಅಟ್ಲಾಂಟಿಕ್ ಸಾಲ್ಮನ್. ಹ್ಯಾಚರಿಯ, ಅಂದರೆ ಮರಿ ಮಾಡಿಸುವ ಕೇಂದ್ರದ, ತೊಟ್ಟಿಯಲ್ಲಿ ಹುಟ್ಟಿ ಸಮುದ್ರದ ಬಲೆಪಂಜರದಲ್ಲಿ ಬೆಳೆದದ್ದು. ಹೋಗಲು ಅದಕ್ಕೆ ನದಿಯೇ ಇಲ್ಲ. ಆ ಬಣ್ಣವೂ ಮೇವಿಗೆ ಸೇರಿಸಿದ ಅಸ್ಟಾಕ್ಸಾಂಥಿನ್‌ನಿಂದ ಬಂದದ್ದು. ಕಾಡುಮೀನಿಗೆ ಅದೇ ವಸ್ತು ಸೀಗಡಿಯಂಥ ಆಹಾರದಿಂದ ಸಿಗುತ್ತದೆ. ‘ಇಂಡಿಯನ್ ಸಾಲ್ಮನ್’ ಅಂದರೆ ರಾವಸ್. ಸಾಲ್ಮನ್ ಮನೆತನಕ್ಕೂ ಅದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ. ತವಾ ಫ್ರೈಗೆ ನಾನು ರಾವಸ್ ಕಡೆಯೇ.

ನಮ್ಮ ಕಾವೇರಿಯ ಮಹಶೀರ್ ಮೀನಿಗೂ ಹೀಗೆ ಮಾಡಬಹುದಾ? ಗಾಳ ಹಾಕಿ ರೆಕ್ಕೆ ಚೂರು ಕಳಿಸಿದರೆ ಪರೀಕ್ಷೆ ಮಾಡಿಸಿಕೊಡುತ್ತೀರಾ?
– ಆಟೋ ಚಾಲಕರು, ಕೆಂಗೇರಿ

ಮಹಶೀರ್ ಸಮುದ್ರಕ್ಕೆ ಹೋಗುವುದಿಲ್ಲ ಅಣ್ಣ, ಹಾಗಾಗಿ ಪ್ರಶ್ನೆ ಸ್ವಲ್ಪ ಬೇರೆ. ಇಲ್ಲಿ ‘ಯಾವ ನದಿಯದು’ ಅನ್ನುವುದಕ್ಕಿಂತ ‘ಯಾವ ಜಾತಿಯದು’ ಅನ್ನುವುದೇ ಬಹಳ ಕಾಲ ಬಗೆಹರಿದಿರಲಿಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆಯವರೊಬ್ಬರು 120 ಪೌಂಡಿನ ಮಹಶೀರ್ ಹಿಡಿದಿದ್ದರು. ಅಷ್ಟು ಹೆಸರುವಾಸಿಯಾದ, ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಹೊಂದಿಸಿದ್ದು 2018ರಲ್ಲಿ! ಡಿಎನ್‌ಎಯನ್ನೂ ಮೈಕಟ್ಟನ್ನೂ ನೋಡಿ, ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು ಅಂದರು. ಪಾಂಬಾರ್ ಕೂಡ ಕಾವೇರಿಗೇ ಸೇರುವ ನೀರು. 2018ರಲ್ಲೇ ಈ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಇನ್ನೊಂದು ತೊಡಕಿದೆ. ಲೋನಾವಳದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷಗಳ ಕಾಲ ಕಾವೇರಿಗೆ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಗಾಳಕ್ಕೆ ಬೀಳುವುದರಲ್ಲಿ ನೀಲಿಯದೇ ಜಾಸ್ತಿಯಾಗಿ ನಮ್ಮ ಕಿತ್ತಳೆಯದು ಅಪರೂಪವಾಯಿತು. ಎರಡೂ ಬೆರೆಯುತ್ತಿವೆಯೇ ಅಂತ ನೋಡಲು ಇಂಥ ಮಾರ್ಕರ್‌ಗಳೇ ಬೇಕು. ಬಿಡುವ ಮೊದಲೇ ಹಳೆಯ ಮೀನುಗಳ ಚೂರು ತೆಗೆದಿಟ್ಟಿದ್ದರೆ ಕೆಲಸ ಎಷ್ಟು ಸುಲಭವಾಗುತ್ತಿತ್ತು, ಅಲ್ವಾ?

ಗಾಳ ಮಾತ್ರ ಬೇಡ. ಕಾವೇರಿ ವನ್ಯಧಾಮದೊಳಗೆ ಮೀನು ಹಿಡಿಯುವಂತಿಲ್ಲ, ಸಿಕ್ಕಿಬಿದ್ದರೆ ನನ್ನ ಹೆಸರು ಹೇಳಬೇಡಿ. ನದಿ ದಂಡೆಯಲ್ಲಿ ಸತ್ತ ಮಹಶೀರ್ ಕಂಡರೆ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ರೆಕ್ಕೆಯ ಬಣ್ಣ ಚೆನ್ನಾಗಿ ಕಾಣಲಿ. ಜಾಗ, ತಾರೀಖು ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿ. ಮೀನನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ಆಫೀಸಿಗೆ ಮಾತ್ರ ತರಬೇಡಿ.