ಅಪ್ಪನ ಮಾತು ನಿಂತಿದೆ, ನನ್ನ ತಲೆಯಲ್ಲಿ ನಿಂತಿಲ್ಲ

ಪ್ರಶ್ನೆ: ನನಗೆ 32 ವರ್ಷ. ಆಳಂದ ತಾಲ್ಲೂಕಿನವನು, ಈಗ ಕಲಬುರಗಿಯ ದಾಲ್‌ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ ನನ್ನ ಮೇಲೆ ಒಂದು ದಿನವೂ ಕೈ ಮಾಡಿದವರಲ್ಲ. ಆದರೆ ‘ಕೂಳಿಗಿ ದಂಡ, ಭೂಮಿಗಿ ಭಾರ’ ಅನ್ನಿಸಿಕೊಳ್ಳದೆ ನಾನು ಉಂಡ ದಿನ ಕಡಿಮೆ. ಬೀಗರ ಎದುರು, ಗೆಳೆಯರ ಎದುರು, ಹೊಲದಲ್ಲಿ ಆಳುಗಳ ಎದುರು ಅದೇ ಮಾತು. ಈಗ ಮಾಲಕರು ದನಿ ಏರಿಸಿ ಕರೆದರೆ ಸಾಕು, ಕೈ ನಡುಗಿ ಕೂಡಿಸಿದ ಲೆಕ್ಕ ತಪ್ಪುತ್ತದೆ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆದು ಮಾತು ನಿಂತಿತು. ಮೂರು ಹೊತ್ತು ಉಣಿಸುವುದು, ಮೈ ತೊಳೆಯುವುದು ಎಲ್ಲ ನಾನೇ. ನನ್ನ ತಲೆಯೊಳಗೆ ಮಾತ್ರ ಅವರ ಮಾತು ನಿಂತಿಲ್ಲ. ಇದೇ ಊರಲ್ಲಿರುವ ಅಣ್ಣನಿಗೆ ಹೇಳಿದರೆ ‘ಹೊಡದಿಲ್ಲ, ಬಡದಿಲ್ಲ, ಬೈದದ್ದಕ್ಕ ಇಷ್ಟ್ಯಾಕ ಮನಸಿಗಿ ಹಚ್ಕೊಂಡಿ’ ಅನ್ನುತ್ತಾನೆ. ಇದಕ್ಕೂ ಚಿಕಿತ್ಸೆ ಇದೆಯೇ? ಹೋದರೆ ಅಪ್ಪನನ್ನು ಕ್ಷಮಿಸು ಅನ್ನುತ್ತಾರೆಯೇ?

ಉತ್ತರ: ನಿಮ್ಮ ಅಣ್ಣ ಹೇಳಿದ್ದನ್ನು ನನ್ನ ಕೋಣೆಗೆ ಬರುವವರಲ್ಲಿ ಎಷ್ಟೋ ಮಂದಿ ತಾವೇ ಹೇಳಿಕೊಳ್ಳುತ್ತಾರೆ. ‘ಬರೀ ಬೈದರು, ಅಷ್ಟೇ’ ಎಂದು ನಾಚಿಕೊಂಡೇ ಶುರು ಮಾಡುತ್ತಾರೆ. ಬಾಲ್ಯದ ಕಹಿ ಅನುಭವಗಳ ಬಗ್ಗೆ ಅಮೆರಿಕದಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು ನಡೆಸಿ 1998ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವು ಮಾತಿನ ಹಿಂಸೆಯನ್ನು ಹೊಡೆತದ ಜೊತೆ ಸೇರಿಸಲಿಲ್ಲ, ಬೇರೆಯಾಗಿಯೇ ಎಣಿಸಿತು. ಹೊಡೆತ ಬಿದ್ದ ಮಗುವಿಗೆ ಬಾಸುಂಡೆಯಾದರೂ ಸಾಕ್ಷಿ. ಬೈಗುಳ ತಿಂದ ಮಗುವಿಗೆ ಅದೂ ಇಲ್ಲ. ಅನ್ನಕ್ಕೂ ಆಸರೆಗೂ ಅಪ್ಪನೇ ಗತಿಯಾಗಿರುವಾಗ ‘ಅಪ್ಪ ಹೇಳುತ್ತಿರುವುದು ಸುಳ್ಳು’ ಅಂದುಕೊಳ್ಳುವ ಧೈರ್ಯ ಮಗುವಿಗೆ ಬರುವುದಿಲ್ಲ. ‘ನಾನೇ ಸರಿಯಿಲ್ಲ’ ಎಂದು ನಂಬಿಬಿಡುವುದೇ ಸುಲಭ. ಇನ್ನು ನಿಮ್ಮ ಕೈ ನಡುಗುವುದು ಹೇಡಿತನವಲ್ಲ. ಏರಿದ ದನಿ ಕೇಳಿದೊಡನೆ, ಯೋಚನೆ ಬರುವ ಮೊದಲೇ ಮೈ ಎಚ್ಚರವಾಗುವುದನ್ನು ಚಿಕ್ಕಂದಿನಲ್ಲೇ ಕಲಿತಿದೆ.

ಚಿಕಿತ್ಸೆ ಇದೆ. ಯಾರೂ ಬುದ್ಧಿವಾದ ಹೇಳುವುದಿಲ್ಲ. ಅದನ್ನು ಕೇಳಿ ಕೇಳಿ ನಿಮಗೆ ಸಾಕಾಗಿದೆ. ಮೊದಮೊದಲು ನಿಮ್ಮಿಂದ ಒಂದು ಲೆಕ್ಕ ಬರೆಸುತ್ತಾರೆ, ನಿಮಗೆ ಒಗ್ಗುವ ಕೆಲಸವೇ. ಮಾಲಕರು ಕೂಗಿದರು. ಎದೆ ಡವಡವ ಅಂದಿತು. ‘ಈಗ ಎಲ್ಲರ ಮುಂದೆ ಮಾನ ಹೋಗುತ್ತದೆ’ ಅನ್ನಿಸಿತು. ಕೊನೆಗೆ ಅವರು ಕೇಳಿದ್ದು ತೊಗರಿ ಲಾರಿಯ ಬಿಲ್ಲು. ಹೀಗೆ ಹತ್ತಿಪ್ಪತ್ತು ಸಲ ಬರೆದ ಮೇಲೆ ಮಾಲಕರ ದನಿ ಎಲ್ಲಿ ಮುಗಿಯುತ್ತದೆ, ಅಪ್ಪನ ದನಿ ಎಲ್ಲಿ ಶುರುವಾಗುತ್ತದೆ ಎಂಬುದು ನಿಮಗೇ ಕಾಣತೊಡಗುತ್ತದೆ.

ಆಮೇಲಿನದು ಕಷ್ಟದ ಭಾಗ. ಕಣ್ಣು ಮುಚ್ಚಿ ಹಳೆಯ ಒಂದು ದಿನಕ್ಕೆ ಹೋಗಬೇಕು. ಅದೇ ಹೊಲ, ಅದೇ ಆಳುಗಳು, ತಲೆ ತಗ್ಗಿಸಿ ನಿಂತ ಹತ್ತು ವರ್ಷದ ಹುಡುಗ. ಆ ಚಿತ್ರದೊಳಕ್ಕೆ 32ರ ನೀವು ನಡೆದುಹೋಗಿ ಇಬ್ಬರ ನಡುವೆ ನಿಲ್ಲುತ್ತೀರಿ. ಅಂದು ಯಾರೂ ಹೇಳದಿದ್ದ ಮಾತನ್ನು ಅಪ್ಪನಿಗೆ ಹೇಳಿ, ಹುಡುಗನನ್ನು ಅಲ್ಲಿಂದ ಕರೆದುಕೊಂಡು ಬರುತ್ತೀರಿ. ಕೇಳಲು ನಾಟಕದಂತಿದೆ, ನಾನೂ ಕಲಿಯುವಾಗ ಹಾಗೇ ಅಂದುಕೊಂಡಿದ್ದೆ. ನಡೆದದ್ದು ಇದರಿಂದ ಅಳಿಸಿಹೋಗದು, ಆದರೆ ಆ ನೆನಪು ಬಂದಾಗ ಹುಡುಗ ಒಬ್ಬನೇ ಇರುವುದಿಲ್ಲ. ಈ ಹಂತದಲ್ಲಿ ಕೆಲವು ವಾರ ನಿದ್ದೆ ಕೆಡಬಹುದು, ಸಿಟ್ಟು ಹೆಚ್ಚಬಹುದು. ಅದನ್ನು ಮುಚ್ಚಿಡದೆ ಚಿಕಿತ್ಸಕರಿಗೆ ಹೇಳಿ, ವೇಗ ತಗ್ಗಿಸುತ್ತಾರೆ. ನಾಲ್ಕಾರು ಭೇಟಿಗೆ ಮುಗಿಯುವ ಕೆಲಸ ಇದಲ್ಲ, ತಿಂಗಳುಗಳು ಹಿಡಿಯುತ್ತವೆ.

ಅಲ್ಲಿ ನಿಮ್ಮೂರ ಮಾತಿನಲ್ಲೇ ಮಾತಾಡಿ. ‘ತಂದೆಯವರು ನನ್ನನ್ನು ನಿಷ್ಪ್ರಯೋಜಕ ಎನ್ನುತ್ತಿದ್ದರು’ ಅಂದರೆ ಗಂಟಲು ಕಟ್ಟುವುದಿಲ್ಲ. ‘ಕೂಳಿಗಿ ದಂಡ’ ಅಂದರೆ ಕಟ್ಟುತ್ತದೆ. ನಮ್ಮ ಭಾಗದಲ್ಲಿ ಕನ್ನಡ, ದಖ್ಖನಿ, ಮರಾಠಿ, ತೆಲುಗು ಒಂದೇ ಓಣಿಯಲ್ಲಿ ಓಡಾಡುತ್ತವೆ. ಬೈಗುಳ ಯಾವ ಭಾಷೆಯಲ್ಲಿ ಬಿದ್ದಿತೋ ಆ ಭಾಷೆ ತಿಳಿಯುವ ಚಿಕಿತ್ಸಕರು ಸಿಕ್ಕರೆ ಅರ್ಧ ಕೆಲಸ ಹಗುರ.

ಕ್ಷಮಿಸಲೇಬೇಕೆಂಬ ಷರತ್ತು ಎಲ್ಲಿಯೂ ಇಲ್ಲ. ಸೇವೆ ಮಾಡುತ್ತಲೇ ಸಿಟ್ಟೂ ಇರಬಹುದು, ಒಂದು ಇದ್ದರೆ ಇನ್ನೊಂದು ಸುಳ್ಳಾಗದು. ‘ಎಷ್ಟಾದರೂ ಹೆತ್ತವರು’ ಎಂದು ಮೊದಲ ದಿನವೇ ಬಾಯಿ ಮುಚ್ಚಿಸುವವರು ಸಿಕ್ಕರೆ ಬೇರೆಯವರನ್ನು ನೋಡಿ. ಮಾತು ಹೋದ ಅಪ್ಪನಿಂದ ತಪ್ಪೊಪ್ಪಿಗೆ ಬರಲಿ ಎಂದು ಕಾಯುವುದನ್ನೂ ಬಿಡಿ. ನೀವು ಗುಣವಾಗಲು ಅದು ಬೇಕಿಲ್ಲ.

ಕಲಬುರಗಿಯಲ್ಲೇ ಜಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ, ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಮಾತ್ರೆ ಬರೆಯುವವರು ಮನೋವೈದ್ಯರು. ನಾನು ಹೇಳಿದ ಕೆಲಸ ಮಾಡಿಸುವವರು ಹೆಚ್ಚಾಗಿ ಕ್ಲಿನಿಕಲ್ ಸೈಕಾಲಜಿಸ್ಟ್, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಮಿಲ್‌ನಲ್ಲಿ ಗೊತ್ತಾದೀತೆಂಬ ಅಳುಕಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ವಿಷಯ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಬದುಕೇ ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಕೂಳಿನ ಹೆಸರಲ್ಲಿ ನಿಮ್ಮನ್ನು ಬೈದವರಿಗೆ ದಿನಕ್ಕೆ ಮೂರು ಸಲ ನೀವೇ ಕೂಳು ಉಣಿಸುತ್ತಿದ್ದೀರಿ. ಮಾತು ಮರೆಯದಿರಲು ಇದೂ ಒಂದು ಕಾರಣ. ಅಣ್ಣನಿಗೆ ನಿಮ್ಮ ನೋವು ಅರ್ಥವಾಗಬೇಕಾಗಿಲ್ಲ. ರಾತ್ರಿ ಊಟದ ಪಾಳಿ ಅವನು ವಹಿಸಿಕೊಂಡರೆ ಸಾಕು, ಈ ವಾರವೇ ಕೇಳಿ.