ಹಳೇ ಲ್ಯಾಪ್‌ಟಾಪಲ್ಲಿ ಉಬುಂಟು ಬೂಟ್ ಆಗೋಕೆ ಎರಡು ನಿಮಿಷ ಹಿಡಿಯುತ್ತೆ, ಸಿಸ್ಟಮ್‌ಡಿ ಬಿಟ್ಟು ರನಿಟ್‌ಗೆ ಹೋದ್ರೆ ಫಾಸ್ಟ್ ಆಗುತ್ತಾ?

ಈಗ್ಲೇ ಏನೂ ಕಿತ್ತಾಕ್ಬೇಡಿ. ಸಿಸ್ಟಮ್‌ಡಿ, ರನಿಟ್ ಎರಡೂ ಇನಿಟ್‌ಗಳು, ಅಂದ್ರೆ ಬೂಟ್ ಆಗೋವಾಗ ಹಿನ್ನೆಲೆಯಲ್ಲಿ ಓಡೋ ಸರ್ವಿಸ್‌ಗಳನ್ನ ಶುರು ಮಾಡೋ ಪ್ರೋಗ್ರಾಮ್‌ಗಳು. ಆ ಎರಡು ನಿಮಿಷ 2018ರಲ್ಲಿ ನಾನೂ ದಿನಾ ಕಾದಿದೀನಿ.

ನನ್ದು ಉಬುಂಟು 16.04, ಹಳೇ ಹಾರ್ಡ್‌ಡಿಸ್ಕು. ಮೊದಲು ಮುಕ್ಕಾಲು ನಿಮಿಷಕ್ಕೆ ಲಾಗಿನ್ ಬರ್ತಿತ್ತು. ಒಂದಿನ ಪಕ್ಕದ ಪಾರ್ಟಿಶನ್‌ಗೆ ಇನ್ನೊಂದು ಲಿನಕ್ಸ್ ಹಾಕಿ ನೋಡ್ದೆ, ಅಲ್ಲಿಂದ ಉಬುಂಟು ಎರಡು ನಿಮಿಷ ದಾಟೋಕೆ ಶುರುವಾಯ್ತು. ನೆಟ್ಟಲ್ಲಿ ಹುಡುಕಿದ್ರೆ ಸಿಸ್ಟಮ್‌ಡಿ ಭಾರ, ರನಿಟ್ ಹಗುರ ಅಂತ ಸಿಕ್ತು, ನಂಬಿಬಿಟ್ಟೆ. ಇದ್ದ ಎರಡು ಲಿನಕ್ಸನ್ನೂ ಅಳಿಸಿ, ರನಿಟ್ ಬಳಸೋ ವಾಯ್ಡ್ ಲಿನಕ್ಸ್ ಹಾಕ್ದೆ. ಸರ್ರಂತ ಬೂಟ್ ಆಯ್ತು, ಸಿಕ್ಕಿದೋರಿಗೆಲ್ಲ ಹೇಳ್ಕೊಂಡು ಓಡಾಡ್ದೆ.

ಮೂರನೇ ದಿನ ಬೆಳಿಗ್ಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು, ಆನ್ ಮಾಡಿದ್ರೆ ವೈಫೈ ಇಲ್ಲ. ರನಿಟ್ ಇರೋ ವಾಯ್ಡಲ್ಲಿ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಸರ್ವಿಸ್ ಶುರುವಾಗಲ್ಲ, ಒಂದೊಂದಕ್ಕೂ ಲಿಂಕ್ ನಾವೇ ಹಾಕ್ಬೇಕು. ಹಿಂದಿನ ರಾತ್ರಿ ವೈಫೈ ನೋಡ್ಕೊಳ್ಳೋ ನೆಟ್‌ವರ್ಕ್‌ಮ್ಯಾನೇಜರ್‌ಗೆ ಹಾಕಿದ್ದೆ, ಅದಕ್ಕೆ ಬೇಕಾದ ಡಿ-ಬಸ್‌ಗೆ (ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತಾಡೋಕಿರೋ ಸರ್ವಿಸ್) ಹಾಕಿರ್ಲಿಲ್ಲ. ಇದು ಹೊಳೆಯೋ ಹೊತ್ತಿಗೆ ನನ್ನ ಸಮಯ ಮುಗಿದಿತ್ತು, ಆ ಕಡೆಯಿಂದ ಮತ್ತೆ ಕರೆ ಬರ್ಲೇ ಇಲ್ಲ.

ಆದ್ರೆ ನಿಜವಾದ ತಪ್ಪು ಅದಲ್ಲ, ಅದಕ್ಕೂ ಮುಂಚಿನದು. ಒಂದು ವರ್ಷ ಆದ್ಮೇಲೆ ಅತ್ತೆ ಮಗನ ಲ್ಯಾಪ್‌ಟಾಪಲ್ಲಿ ಇದೇ ಕಾಯಿಲೆ ಕಾಣಿಸ್ಕೊಂಡಾಗ ಉಬುಂಟು ಲೋಗೋ ಬರೋವಾಗ ಎಸ್ಕೇಪ್ ಕೀ ಒತ್ತಿದೆ. ಲೋಗೋ ಹೋಗಿ ಕಪ್ಪು ಪರದೆ ಬಂತು, ಕೆಂಪು ಚುಕ್ಕಿಗಳು ಅತ್ತಿಂದಿತ್ತ ಓಡಾಡ್ತಾ ಇದ್ವು, ಪಕ್ಕದಲ್ಲಿ ಸ್ಟಾರ್ಟ್ ಜಾಬ್ ರನ್ನಿಂಗ್ ಅಂತ ಒಂದು ಸಾಲು, ಸೆಕೆಂಡ್ ಎಣಿಕೆ 90ರ ಕಡೆಗೆ ಏರ್ತಾ ಇತ್ತು. ನಮ್ಮಿಬ್ಬರಿಗೂ ಆಗಿದ್ದು ಒಂದೇ. ಎರಡನೇ ಲಿನಕ್ಸ್ ಹಾಕೋವಾಗ ಅದರ ಇನ್‌ಸ್ಟಾಲರ್ ಇದ್ದ ಸ್ವಾಪ್ ಪಾರ್ಟಿಶನ್ನನ್ನೇ (ರ‍್ಯಾಮ್ ಸಾಲದಾಗ ಬಳಸೋ ಡಿಸ್ಕಿನ ಭಾಗ) ಮತ್ತೆ ಫಾರ್ಮ್ಯಾಟ್ ಮಾಡಿತ್ತು, ಮಾಡಿದ ಕೂಡ್ಲೇ ಅದರ ಯುಯುಐಡಿ, ಅಂದ್ರೆ ಗುರುತಿನ ನಂಬರ್, ಬದಲಾಗುತ್ತೆ, ಬೂಟಲ್ಲಿ ಯಾವ್ಯಾವ ಡಿಸ್ಕ್ ಜೋಡಿಸ್ಬೇಕು ಅಂತ ಬರೆದಿರೋ ಮೊದಲನೇ ಉಬುಂಟುವಿನ ಎಫ್‌ಎಸ್‌ಟ್ಯಾಬ್ ಫೈಲಲ್ಲಿ ಮಾತ್ರ ಹಳೇ ನಂಬರೇ ಕೂತಿರುತ್ತೆ, ಸಿಸ್ಟಮ್‌ಡಿ ಪಾಪ ಆ ಇಲ್ಲದ ಡಿಸ್ಕ್ ಬರುತ್ತೆ ಅಂತ ಒಂದೂವರೆ ನಿಮಿಷ ಕಾದು, ಕೈಬಿಟ್ಟು, ಮುಂದಕ್ಕೆ ಹೋಗುತ್ತೆ. ಲೋಗೋ ಅದನ್ನೆಲ್ಲ ಮುಚ್ಚಿಟ್ಟಿರುತ್ತೆ. ಎಫ್‌ಎಸ್‌ಟ್ಯಾಬಲ್ಲಿ ಆ ಒಂದು ಸಾಲು ತಿದ್ದಿದೆ, ಅವನ ಲ್ಯಾಪ್‌ಟಾಪ್ ಸರಿಹೋಯ್ತು. ನನ್ನ ವಾಯ್ಡ್ ಫಾಸ್ಟ್ ಆಗಿದ್ದೂ ಅಷ್ಟಕ್ಕೇ, ಹೊಸ ಇನ್‌ಸ್ಟಾಲ್ ಹೊಸ ಎಫ್‌ಎಸ್‌ಟ್ಯಾಬ್ ಬರೆದಿತ್ತು. ಒಂದು ಕೀ ಒತ್ತಿ ನೋಡಿದ್ರೆ ಮುಗೀತಿದ್ದ ಕೆಲಸಕ್ಕೆ ಇಡೀ ಸಿಸ್ಟಮ್ ಅಳಿಸಿದ್ದೆ, ಇದು ಇವತ್ತಿಗೂ ನೋವು ಕೊಡುತ್ತೆ.

ಅದಕ್ಕೇ ಹೇಳ್ತೀನಿ, ಯಾವ ಇನಿಟ್ ಫಾಸ್ಟ್ ಅನ್ನೋ ಪ್ರಶ್ನೆನೇ ಇಲ್ಲಿ ತಪ್ಪು. ಹಿಂದೆ ಸಿಸ್‌ವಿ-ಇನಿಟ್ ಸ್ಕ್ರಿಪ್ಟ್‌ಗಳನ್ನ ಒಂದಾದ್ಮೇಲೆ ಒಂದು ಓಡಿಸ್ತಿತ್ತು, ಆಗ ಆ ಪ್ರಶ್ನೆಗೆ ಅರ್ಥ ಇತ್ತು. 2006ರಲ್ಲಿ ಅಪ್‌ಸ್ಟಾರ್ಟ್, 2010ರಲ್ಲಿ ಸಿಸ್ಟಮ್‌ಡಿ ಬಂದ್ಮೇಲೆ ಒಂದಕ್ಕೊಂದು ಸಂಬಂಧ ಇಲ್ಲದ ಸರ್ವಿಸ್‌ಗಳು ಒಟ್ಟಿಗೇ ಶುರುವಾಗ್ತವೆ. ಟರ್ಮಿನಲ್ಲಲ್ಲಿ ಸಿಸ್ಟಮ್‌ಡಿ-ಅನಲೈಜ್ ಓಡಿಸಿ, ಲಿನಕ್ಸಿನ ತಿರುಳಾದ ಕರ್ನಲ್‌ಗೆಷ್ಟು, ಅದರ ಮೇಲೆ ಓಡೋ ಯೂಸರ್‌ಸ್ಪೇಸ್‌ಗೆಷ್ಟು ಹೊತ್ತು ಹಿಡೀತು ಅಂತ ತೋರಿಸುತ್ತೆ, ಇನಿಟ್ ಬದಲಾಯಿಸಿದ್ರೆ ಎರಡನೇದು ಮಾತ್ರ ಬದಲಾಗೋದು. ಅದೇ ಕಮಾಂಡಿನ ಬ್ಲೇಮ್ ಪಟ್ಟಿ (ಯಾವ ಸರ್ವಿಸ್‌ಗೆ ಎಷ್ಟು ಹೊತ್ತು ಅಂತ) ಒಂದನ್ನೇ ನಂಬ್ಬೇಡಿ, ಅದರಲ್ಲಿ ಮೇಲಿರೋ ಎಷ್ಟೋ ಸರ್ವಿಸ್‌ಗಳು ಯಾರನ್ನೂ ಕಾಯಿಸ್ತಿರಲ್ಲ, ಯಾವುದು ಯಾವುದಕ್ಕೆ ಕಾದಿದೆ ಅಂತ ತೋರಿಸೋ ಕ್ರಿಟಿಕಲ್-ಚೈನ್ ನೋಡಿ. ದುಡ್ಡು ಹಾಕೋ ಹಾಗಿದ್ರೆ ಎಸ್‌ಎಸ್‌ಡಿಗೆ ಹಾಕಿ.

ರನಿಟ್ ಕೆಟ್ಟದ್ದಲ್ಲ, ಅದರ ಸ್ಕ್ರಿಪ್ಟ್‌ಗಳು ಎಷ್ಟು ಚಿಕ್ಕದು ಅಂದ್ರೆ ಕೂತ್ಕೊಂಡು ಓದಿ ಮುಗಿಸ್ಬಹುದು, ಕಲಿಯೋಕೆ ಬೇರೆ ಮಷಿನ್ ಇದ್ರೆ ಖಂಡಿತ ಹಾಕಿ. ದಿನಾ ಕೆಲಸ ಮಾಡೋ ಲ್ಯಾಪ್‌ಟಾಪಲ್ಲಿ ಬೇಡ. ಇವತ್ತು ರೀಬೂಟ್ ಮಾಡಿ ಎಸ್ಕೇಪ್ ಒತ್ತಿ, ಯಾವ ಸಾಲಲ್ಲಿ ನಿಲ್ಲುತ್ತೆ ಅಂತ ಫೋಟೋ ತೆಗೆದು ಹಾಕಿ, ನೋಡಿ ಹೇಳ್ತೀನಿ.